ಜಾಜಿಗೆ ಕತ್ತರಿ ಆಡಿಸುವ ಹೊತ್ತು

ಎಳ್ಳಮಾವಾಸ್ಯೆಯ ಆಸುಪಾಸಿನ ದಿನಗಳಲ್ಲಿ ನಸುಕಿಗೇ ಯಾದಗಿರಿ ಬಿಟ್ಟರೆ, ಭೀಮೆಯ ಸೇತುವೆ ಮೇಲೆ ಚಳಿಗಾಳಿ ಮುಖಕ್ಕೆ ರಾಚುತ್ತದೆ. ಹೊಲಗಳಲ್ಲಿ ಕೊಯ್ದ ತೊಗರಿಯ ಒಣ ವಾಸನೆ, ಎಲ್ಲೋ ದೂರದಲ್ಲಿ ರಾಶಿ ಮಾಡುವ ಯಂತ್ರದ ಸದ್ದು. ಶಹಾಪುರದ ಬೆಟ್ಟದಲ್ಲಿ ಮಲಗಿದ ಬುದ್ಧನ ಆಕಾರ ಬಿಸಿಲೇರಿದಂತೆ ನಿಚ್ಚಳವಾಗುತ್ತದೆ. ಸುರಪುರದ ಏರು ಓಣಿಗಳನ್ನು ತಲುಪುವ ಹೊತ್ತಿಗೆ ಮನೆಮನೆಯೊಳಗಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳತೊಡಗಿರುತ್ತದೆ.

ಅಂಥದೊಂದು ಮನೆಯ ಹಿತ್ತಲಿಗೆ ಬನ್ನಿ. ಬಚ್ಚಲ ನೀರು ಹರಿಯುವ ಕಡೆ, ಕಲ್ಲುಗೋಡೆಗೆ ಒರಗಿ ಜಾಜಿಯ ಪೊದೆ ನಿಂತಿದೆ. ದುಂಡುಮಲ್ಲಿಗೆ ಬೇಸಿಗೆಯಲ್ಲೇ ಘಮಘಮಿಸಿ ಮುಗಿಸಿದರೆ, ಜಾಜಿ ಜೂನ್ ಮಳೆಗೆ ಮೊಗ್ಗು ಹಿಡಿದು ನವೆಂಬರ್‌ವರೆಗೂ ಹೂ ಬಿಡುತ್ತದೆ. ಬೆನ್ನಿಗೆ ನಸುಗೆಂಪು ಬಳಿದುಕೊಂಡ ಆ ಮೊಗ್ಗುಗಳು ಈಗಿಲ್ಲ. ಎಲೆ ಉದುರಿ, ಬಳ್ಳಿಗಳು ಒಂದಕ್ಕೊಂದು ಹೆಣೆದುಕೊಂಡು ಗಿಡ ಸುಮ್ಮನಿದೆ. ನೀರು ಕಡಿಮೆ ಮಾಡಿ ಕೆಲವು ದಿನಗಳಾಗಿವೆ. ಕತ್ತರಿ ಹಿಡಿದ ಮೊಮ್ಮಗನ ಬೆನ್ನ ಹಿಂದೆಯೇ ಅಜ್ಜಿ ನಿಂತಿದ್ದಾರೆ. “ಬುಡಕ್ಕ ಕೈ ಹಚ್ಚಬ್ಯಾಡೋ ತಮ್ಮಾ, ತುದಿ ಅಷ್ಟ ತಗಿ.”

ಮೊದಲು ಒಣಗಿದ ಕಡ್ಡಿಗಳು ಬುಡಸಮೇತ ಹೋಗುತ್ತವೆ, ಆಮೇಲೆ ಒಂದಕ್ಕೊಂದು ಉಜ್ಜುವ ಸಣಕಲು ಕೊಂಬೆಗಳು. ಪೊದೆಯ ನಡುವೆ ಬೆಳಕು ಬಿದ್ದ ಮೇಲೆ ಉಳಿದ ಬಳ್ಳಿಗಳ ತುದಿಯಿಂದ ಮೂರನೇ ಒಂದು ಪಾಲು ಮಾತ್ರ ಕತ್ತರಿಗೆ ಸಿಗುತ್ತದೆ. ಹೊರಮುಖದ ಗಿಣ್ಣಿನ ತುಸು ಮೇಲೆ, ನೀರು ನಿಲ್ಲದಂತೆ ಓರೆಯಾಗಿ ಒಂದೊಂದೇ ಕಚಕ್. ಹೂವಿನ ತೋಟದವರು 75ರಿಂದ 90 ಸೆಂ.ಮೀ. ಎತ್ತರಕ್ಕೆ ಇಳಿಸುವುದುಂಟು, ಮನೆಯ ಗಿಡಕ್ಕೆ ಅಷ್ಟು ಬೇಕಿಲ್ಲ. ನೆಲದ ತುಂಬ ಹಸಿ ಕಡ್ಡಿಯ ವಾಸನೆ ಹರಡುವಾಗ ಅಜ್ಜಿ ಬುಡದ ಮಣ್ಣು ಸಡಿಲಿಸಿ, ಕಳಿತ ತಿಪ್ಪೆಗೊಬ್ಬರ ಹಾಕಿ, ಕೊಡ ಬಗ್ಗಿಸಿ ನೀರು ಹೊಯ್ಯುತ್ತಾರೆ.

ಜಾಜಿ ಹೂ ಬಿಡುವುದು ಅದೇ ವರ್ಷ ಚಿಗುರಿದ ಎಳೆ ರೆಂಬೆಗಳ ತುದಿಯಲ್ಲಿ. ಈಗ ಕತ್ತರಿಸಿದಷ್ಟೂ ಕವಲು, ಕವಲಿದ್ದಷ್ಟೂ ಮೊಗ್ಗು. ಮಳೆಗಾಲದಲ್ಲಿ ಕತ್ತರಿಸಿದರೆ ಹೋಗುವುದು ಹೂವೇ. ಬೇಸಿಗೆಗೆ ಕಾದರೆ, ಉಷ್ಣಾಂಶ 40 ಡಿಗ್ರಿ ದಾಟುವ ಈ ಕಪ್ಪು ನೆಲದಲ್ಲಿ ಎಳೆ ಚಿಗುರು ಸುಟ್ಟುಹೋದೀತು.

ನಿಮ್ಮ ಹಿತ್ತಲಲ್ಲೂ ಜಾಜಿಯಿದ್ದರೆ ಡಿಸೆಂಬರ್ ಕೊನೆಯಿಂದ ಜನವರಿಯೊಳಗೆ ಹರಿತವಾದ, ತೊಳೆದ ಕತ್ತರಿ ಹಿಡಿಯಿರಿ. ತುದಿಯಷ್ಟೇ ತೆಗೆಯಿರಿ, ಬುಡಕ್ಕೆ ಗೊಬ್ಬರ ಕೊಡಿ. ಜೂನ್‌ನಲ್ಲಿ ಗಿಡ ತನ್ನ ಪಾಲಿನದನ್ನು ಕೊಡುತ್ತದೆ.