ಹಾಸಿಗೆಯ ಮೇಲೆ ಕಲಿತ ಹಾರಾಟ

ಫ್ರಾಂಕಿ ಮ್ಯಾನಿಂಗ್‌ಗೆ ಆ ಪಟ್ಟು ಹೊಳೆದದ್ದು ಎದುರಾಳಿಯ ಕುಣಿತ ನೋಡುತ್ತಿದ್ದಾಗ. ಊರು ನ್ಯೂಯಾರ್ಕಿನ ಹಾರ್ಲೆಮ್, ವರ್ಷ 1935. ಎದುರಾಳಿ ಶಾರ್ಟಿ ಜಾರ್ಜ್ ಸ್ನೋಡನ್, ಸವಾಯ್ ಬಾಲ್‌ರೂಮಿನಲ್ಲಿ ತನಗೆ ಸಾಟಿಯಿಲ್ಲ ಎನಿಸಿಕೊಂಡಿದ್ದ ಕುಳ್ಳ. ಅವನ ಜೊತೆ ಕುಣಿಯುತ್ತಿದ್ದ ಬಿಗ್ ಬೀ ಅವನಿಗಿಂತ ಎಷ್ಟೋ ಎತ್ತರದ ಹೆಂಗಸು. ಆಟ ಮುಗಿಸುವಾಗ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತು ಮೊಣಕೈಗೆ ಮೊಣಕೈ ಸಿಕ್ಕಿಸುತ್ತಿದ್ದರು. ಬಿಗ್ ಬೀ ಮುಂದಕ್ಕೆ ಬಾಗಿ ಶಾರ್ಟಿಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಹೊರನಡೆಯುತ್ತಿದ್ದಳು. ಅವನು ಗಾಳಿಯಲ್ಲಿ ಕಾಲು ಬಡಿಯುತ್ತಿದ್ದ. ಜನ ಚಪ್ಪಾಳೆ ತಟ್ಟಿ ನಗುತ್ತಿದ್ದರು.

ಇಪ್ಪತ್ತೊಂದರ ಆಸುಪಾಸಿನ ಫ್ರಾಂಕಿಯ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯತೊಡಗಿತು. ಬೆನ್ನ ಮೇಲೆ ಬಂದ ದೇಹ ಅಲ್ಲೇ ಯಾಕೆ ನಿಲ್ಲಬೇಕು? ಹಾಗೇ ಉರುಳಿ ಮುಂದಕ್ಕೆ ಇಳಿದರೆ? ಇಳಿಯುವ ಪಾದ ಸರಿಯಾಗಿ ತಾಳದ ಮೇಲೇ ಬಿದ್ದರೆ?

ಲಿಂಡಿ ಹಾಪ್ ಎಂಬ ಆ ಕುಣಿತ ಆಗ ಏಳೆಂಟು ವರ್ಷದ ಕೂಸು. ಬೇರು ಮಾತ್ರ ಬಹಳ ಹಳೆಯದು. 1739ರಲ್ಲಿ ಸೌತ್ ಕ್ಯಾರೊಲಿನಾದ ಸ್ಟೊನೊ ನದಿಯ ಬಳಿ ಗುಲಾಮರು ಡ್ರಮ್ಮು ಬಾರಿಸುತ್ತ ದಂಗೆ ಎದ್ದರು. ಮರುವರ್ಷವೇ ಅಲ್ಲಿನ ಕಾನೂನು ಅವರ ಕೈಯಿಂದ ಡ್ರಮ್ಮನ್ನು ಕಿತ್ತುಕೊಂಡಿತು. ಲಯವನ್ನು ಕಿತ್ತುಕೊಳ್ಳಲು ಆಗಲಿಲ್ಲ. ಅಂಗೈ, ತೊಡೆ, ಎದೆ, ಪಾದ, ಮೈಯೆಲ್ಲ ವಾದ್ಯವಾಯಿತು. ಹಾಗೆ ತಟ್ಟುತ್ತ ಕುಣಿದ ಜೂಬಾ, ಯಜಮಾನರ ಠೀವಿಯ ನಡಿಗೆಯನ್ನು ಅಣಕಿಸುತ್ತ ಬೆಳೆದ ಕೇಕ್‌ವಾಕ್, ಪಾದದಲ್ಲೇ ಮಾತಾಡುವ ಟ್ಯಾಪ್, 1923ರಲ್ಲಿ ‘ರನ್ನಿನ್ ವೈಲ್ಡ್’ ಎಂಬ ಬ್ರಾಡ್‌ವೇ ಪ್ರದರ್ಶನದಿಂದ ಮನೆಮಾತಾದ ಚಾರ್ಲ್ಸ್‌ಟನ್, ಇವೆಲ್ಲ ಒಂದೇ ಬಳಗ. ಮಂಡಿ ಮಡಿಸಿ, ಭಾರವನ್ನು ನೆಲಕ್ಕೆ ಬಿಟ್ಟು, ಭುಜಕ್ಕೊಂದು ಲಯ, ಸೊಂಟಕ್ಕೊಂದು ಲಯ ಹಿಡಿಯುವ ಈ ಬಳಗಕ್ಕೇ ಮೊದಲು ಜಾಝ್ ನೃತ್ಯ ಎಂಬ ಹೆಸರು ಸಲ್ಲಬೇಕು.

ಯುರೋಪಿನ ಜೋಡಿ ಕುಣಿತದಲ್ಲಿ ಗಂಡು ಹೆಣ್ಣು ಒಬ್ಬರನ್ನೊಬ್ಬರು ಹಿಡಿದುಕೊಂಡೇ ಸುತ್ತುತ್ತಾರೆ. ಹಾರ್ಲೆಮ್‌ನವರು ಆ ಹಿಡಿತ ಬಿಡಿಸಿದರು. ನಡುವೆ ದೂರ ಸರಿದು, ತಮಗೆ ತೋಚಿದ ಹೆಜ್ಜೆ ಹಾಕಿ, ಮತ್ತೆ ಬಂದು ಕೂಡಿಕೊಳ್ಳುವುದು. ಇದಕ್ಕೆ ಬ್ರೇಕ್‌ಅವೇ ಎಂದರು. ಬರಬರುತ್ತ ಅದೇ ಲಿಂಡಿಯಾಯಿತು. ಹೆಸರಿನ ಬಗ್ಗೆ ಒಂದು ಕತೆಯಿದೆ. ಚಾರ್ಲ್ಸ್ ಲಿಂಡ್‌ಬರ್ಗ್ 1927ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಒಬ್ಬನೇ ವಿಮಾನ ಹಾರಿಸಿಕೊಂಡು ಹೋದ. ಮರುವರ್ಷ ಹಾರ್ಲೆಮ್‌ನ ಮ್ಯಾನ್‌ಹಟನ್ ಕ್ಯಾಸಿನೊದಲ್ಲಿ ದಿನಗಟ್ಟಲೆ ನಡೆದ ಕುಣಿತದ ಮ್ಯಾರಥಾನ್‌ನಲ್ಲಿ, ಇದೇನು ಹೆಜ್ಜೆ ಎಂದು ಯಾರೋ ಕೇಳಿದ್ದಕ್ಕೆ ಶಾರ್ಟಿ ‘ಲಿಂಡಿ’ ಎಂದು ಲಿಂಡ್‌ಬರ್ಗ್‌ನ ಹೆಸರನ್ನೇ ಹೇಳಿದನಂತೆ. ಈ ಕತೆಯನ್ನು ಎಲ್ಲರೂ ಒಪ್ಪುವುದಿಲ್ಲ. ಆದರೆ ಆ ಮ್ಯಾರಥಾನ್‌ನಲ್ಲಿ ಶಾರ್ಟಿಯ ಕೈ ಹಿಡಿದು ಕುಣಿದವಳು ಮ್ಯಾಟಿ ಪರ್ನೆಲ್. ಇಬ್ಬರು ಕೂಡಿದರೆ ಮಾತ್ರ ಆಗುವ ಹೆಜ್ಜೆಯ ಕತೆಯಲ್ಲಿ ಅವಳ ಹೆಸರು ಎಷ್ಟೋ ಕಾಲ ಇರಲೇ ಇಲ್ಲ. ಇದು ನನಗೆ ಇವತ್ತಿಗೂ ಚುಚ್ಚುತ್ತದೆ.

ಲಿಂಡಿಯ ಮುಖ್ಯ ವರಸೆಗೆ ಸ್ವಿಂಗ್‌ಔಟ್ ಎನ್ನುತ್ತಾರೆ. ಎಂಟು ಎಣಿಕೆ. ಒಂದು, ಎರಡರಲ್ಲಿ ಹಿಂದಕ್ಕೊಂದು ಹೆಜ್ಜೆ, ಮತ್ತೆ ಮುಂದಕ್ಕೆ. ಮೂರು-ನಾಲ್ಕರೊಳಗೆ ಮೂರು ಚಿಕ್ಕ ಹೆಜ್ಜೆ ತುರುಕಬೇಕು. ಐದು, ಆರು ನಡಿಗೆ. ಏಳು-ಎಂಟರಲ್ಲಿ ಮತ್ತೆ ಮೂರು ಚಿಕ್ಕ ಹೆಜ್ಜೆ. ಈ ಎಂಟರೊಳಗೆ ಇಬ್ಬರೂ ಹತ್ತಿರ ಬಂದು, ಸುತ್ತಿ, ರಬ್ಬರು ಎಳೆದಂತೆ ದೂರ ಹೋಗಿರಬೇಕು. ಆದಿತಾಳ ಹಾಕಿ ಅಭ್ಯಾಸವಿದ್ದವರು ಕೂತಲ್ಲೇ ಎಣಿಸಿ ನೋಡಬಹುದು. ಎಣಿಕೆ ಬೇಗ ಕೈಗೆ ಸಿಗುತ್ತದೆ. ಒತ್ತು ಬೀಳುವುದು ಮಾತ್ರ ಎರಡು, ನಾಲ್ಕು, ಆರು, ಎಂಟರ ಮೇಲೆ. ಅಲ್ಲಿ ನಮ್ಮ ಕೈ ತಡವರಿಸುತ್ತದೆ.

ಈ ಕುಣಿತ ಬಲಿತ ಜಾಗ ಸವಾಯ್. 1926ರ ಮಾರ್ಚ್ 12ರಂದು ಲೆನಾಕ್ಸ್ ಅವೆನ್ಯೂದಲ್ಲಿ, 140 ಮತ್ತು 141ನೇ ಬೀದಿಗಳ ನಡುವೆ ಬಾಗಿಲು ತೆರೆಯಿತು. ಒಂದು ಬೀದಿಯಿಂದ ಇನ್ನೊಂದು ಬೀದಿಯವರೆಗೆ ಚಾಚಿದ ಮಹಡಿ, ಮೇಪಲ್ ಮರದ ನೆಲ. ಕುಣಿದು ಕುಣಿದು ಸವೆಸಿದ ಆ ನೆಲವನ್ನು ಮೂರು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತಿತ್ತಂತೆ. ಕರಿಯರು ಬಿಳಿಯರು ಒಂದೇ ನೆಲದ ಮೇಲೆ ಕುಣಿಯಬಹುದಾಗಿತ್ತು. ಆ ಕಾಲದ ಅಮೆರಿಕದಲ್ಲಿ ಇದು ಸಣ್ಣ ಮಾತಲ್ಲ. ಅದೇ ಹಾರ್ಲೆಮ್‌ನ ಹೆಸರಾಂತ ಕಾಟನ್ ಕ್ಲಬ್ಬಿನಲ್ಲಿ ವೇದಿಕೆಯ ಮೇಲೆ ಕರಿಯರು, ಕುರ್ಚಿಯಲ್ಲಿ ಬಿಳಿಯರು.

ಸವಾಯ್‌ನಲ್ಲಿ ವೇದಿಕೆ ಎರಡು, ಬ್ಯಾಂಡೂ ಎರಡು. ಒಂದು ನಿಲ್ಲಿಸುವ ಮೊದಲೇ ಇನ್ನೊಂದು ಎತ್ತಿಕೊಳ್ಳುತ್ತಿತ್ತು. ನಮ್ಮ ಕರಾವಳಿಯ ಯಕ್ಷಗಾನದ ಜೋಡಾಟ ನೋಡಿದವರಿಗೆ ಆ ಬಿಸಿ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ಮನೆಬ್ಯಾಂಡು ಚಿಕ್ ವೆಬ್‌ನದು. ಬೆನ್ನುಮೂಳೆಯ ಕ್ಷಯದಿಂದ ಗೂನಾದ ಗಿಡ್ಡ ದೇಹ, ಆದರೆ ಡ್ರಮ್ಮಿನ ಹಿಂದೆ ಕೂತರೆ ಎದುರು ನಿಲ್ಲುವವರಿರಲಿಲ್ಲ. 1937ರ ಮೇ 11ರ ರಾತ್ರಿ ಆಗಿನ ಅತಿ ಜನಪ್ರಿಯ ಬೆನ್ನಿ ಗುಡ್‌ಮನ್ ಬ್ಯಾಂಡು ಅಲ್ಲಿಗೆ ಬಂದು ವೆಬ್‌ಗೆ ಸೋತು ಹೋಯಿತು. ಇಂಥ ಬ್ಯಾಂಡುಗಳು ಎರಡೆರಡು ಬಡಿತದ ಹಳೆಯ ಜಾಝನ್ನು ಬಿಟ್ಟು, ನಾಲ್ಕೂ ಬಡಿತ ಸರಾಗವಾಗಿ ಹರಿಯುವ ಸ್ವಿಂಗ್ ನುಡಿಸತೊಡಗಿದ್ದರಿಂದಲೇ ಚಾರ್ಲ್ಸ್‌ಟನ್ನಿನ ಕುಪ್ಪಳಿಕೆ ಲಿಂಡಿಯ ಜಾರುವಿಕೆಯಾಯಿತು. ನುಡಿಸುವವರು ಕುಣಿಯುವವರ ಪಾದ ನೋಡಿ ನುಡಿಸಿದರು, ಕುಣಿಯುವವರು ಅದನ್ನು ಕೇಳಿ ಹೊಸ ಹೆಜ್ಜೆ ಕಟ್ಟಿದರು.

ಇಂಥ ಜಾಗದಲ್ಲಿ ಹಳೆಯ ಹುಲಿ ಶಾರ್ಟಿಯ ತಂಡಕ್ಕೂ ಫ್ರಾಂಕಿಯಂಥ ಹುಡುಗರ ತಂಡಕ್ಕೂ ಪಂದ್ಯ ಗೊತ್ತಾಯಿತು. ಫ್ರಾಂಕಿ ತನ್ನ ಯೋಚನೆಯನ್ನು ಜೊತೆಗಾತಿ ಫ್ರೀಡಾ ವಾಷಿಂಗ್ಟನ್‌ಗೆ ಹೇಳಿದ. ಹಿಂದೆ ಯಾರೂ ಮಾಡಿರದ ಪಟ್ಟು. ಕೆಳಗೆ ಗಟ್ಟಿ ಮರದ ನೆಲ. ಬೀಳುವ ಭಯ ಇದ್ದದ್ದು ಅವಳಿಗೆ, ಬಾಗುವ ಅವನಿಗಲ್ಲ. ನೆಲಕ್ಕೆ ಹಾಸಿಗೆ ಹಾಕಿಕೊಂಡು ಇಬ್ಬರೂ ಅಭ್ಯಾಸಕ್ಕಿಳಿದರು.

ಹೇಗೆಂದರೆ, ಬೆನ್ನಿಗೆ ಬೆನ್ನು, ಮೊಣಕೈಗೆ ಮೊಣಕೈ. ಅವನು ಮುಂದಕ್ಕೆ ಬಾಗಿ ಎಳೆಯುವ ಕ್ಷಣಕ್ಕೇ ಅವಳು ನೆಲ ಒದೆಯಬೇಕು. ಬೆನ್ನ ಮೇಲೆ ಉರುಳುವಾಗ ಕಾಲು ಮಡಚಿಕೊಂಡಿರಬೇಕು, ಇಲ್ಲದಿದ್ದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಾಳೆ. ಅವನ ತಲೆಯ ಮೇಲಿಂದ ದಾಟಿದ ಮೇಲೆ ಅವನ ಎದುರಿಗೇ ಇಳಿಯಬೇಕು. ಇಳಿದ ಪಾದವೇ ಮುಂದಿನ ಹೆಜ್ಜೆಯ ಮೊದಲ ಪಾದವಾಗಬೇಕು. ನನಗೆ ಮುಖ್ಯವಾಗಿ ಕಾಣುವುದು ಈ ಕೊನೆಯ ಕರಾರು. ಮನುಷ್ಯರನ್ನು ಎತ್ತಿ ಹಾರಿಸುವುದು ಸರ್ಕಸ್ಸಿನಲ್ಲಿ ಮೊದಲೇ ಇತ್ತು. ಹಾರಾಟವನ್ನೇ ಒಂದು ಹೆಜ್ಜೆ ಎಂದು ಎಣಿಸಿ, ಎಂಟರ ಲೆಕ್ಕದೊಳಗೆ ಕೂರಿಸಿದ್ದು ಇವರಿಬ್ಬರ ಆವಿಷ್ಕಾರ.

ಪಂದ್ಯದ ರಾತ್ರಿ ಫ್ರಾಂಕಿ ಮತ್ತು ಫ್ರೀಡಾ ಕೊನೆಯ ಸರದಿಗೆ ಕಾದರು. ಚಿಕ್ ವೆಬ್ ಬ್ಯಾಂಡು ‘ಡೌನ್ ಸೌತ್ ಕ್ಯಾಂಪ್ ಮೀಟಿಂಗ್’ ನುಡಿಸುತ್ತಿತ್ತು ಎಂದು ಮ್ಯಾನಿಂಗ್ ಎಷ್ಟೋ ವರ್ಷಗಳ ನಂತರ ನೆನಪಿಸಿಕೊಂಡಿದ್ದಾರೆ. ಇದ್ದ ಹೆಜ್ಜೆಗಳನ್ನೆಲ್ಲ ತೋರಿಸಿ, ಕಡೆಗೆ ಬೆನ್ನಿಗೆ ಬೆನ್ನು ಕೊಟ್ಟು ನಿಂತರು. ನೋಡುವವರಿಗೆ ಅದು ಶಾರ್ಟಿಯ ಹಳೆಯ ಪಟ್ಟಿನಂತೆಯೇ ಕಂಡಿರಬೇಕು. ಫ್ರೀಡಾ ಅವನ ಬೆನ್ನ ಮೇಲಿಂದ ಉರುಳಿ ತಾಳದ ಮೇಲೇ ನೆಲಕ್ಕಿಳಿದಳು. ಮ್ಯಾನಿಂಗ್‌ರ ನೆನಪಿನ ಪ್ರಕಾರ ಒಂದು ಗಳಿಗೆ ಸದ್ದಿಲ್ಲ, ಆಮೇಲೆ ಇಡೀ ಸಭೆ ಒಮ್ಮೆಗೇ ಕೂಗಿತು. ಪಂದ್ಯ ಹುಡುಗರದ್ದಾಯಿತು. ಲಿಂಡಿಯ ಮೊದಲ ಏರ್ ಸ್ಟೆಪ್ ಎಂದು ಈಗ ಎಲ್ಲರೂ ಎಣಿಸುವುದು ಇದನ್ನೇ.

ಅಲ್ಲಿಂದ ಮುಂದೆ ಸರಸರ ನಡೆಯಿತು. ಸವಾಯ್‌ನ ಬಾಗಿಲು ಕಾಯುವವರ ಮುಖ್ಯಸ್ಥ ಹರ್ಬರ್ಟ್ ವೈಟ್ ಈ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ‘ವೈಟೀಸ್ ಲಿಂಡಿ ಹಾಪರ್ಸ್’ ತಂಡ ಮಾಡಿದ. 1937ರಲ್ಲಿ ‘ಎ ಡೇ ಅಟ್ ದ ರೇಸಸ್’, 1941ರಲ್ಲಿ ‘ಹೆಲ್ಜಪಾಪಿನ್’ ಸಿನಿಮಾ. ಎರಡನೆಯದರಲ್ಲಿ ನಾಲ್ಕು ಜೋಡಿಗಳು ಅಡುಗೆಯವರ, ಕೂಲಿಯವರ, ಮನೆಗೆಲಸದವರ ಬಟ್ಟೆಯಲ್ಲೇ ಬಂದು ಕುಣಿಯುತ್ತವೆ. ಆ ವೇಗಕ್ಕೆ, ಆ ಅಚ್ಚುಕಟ್ಟಿಗೆ ಎಂಬತ್ತು ವರ್ಷದಲ್ಲಿ ಇನ್ನೊಂದು ಸಾಟಿ ಬಂದದ್ದು ನಾನು ಕಂಡಿಲ್ಲ. ಆದರೆ ಕರಿಯರ ಅಂಥ ದೃಶ್ಯಗಳನ್ನು ಕತೆಗೆ ಅಂಟಿಸದೆ ಬಿಡಿಯಾಗಿ ಇಡುವುದು ಆಗಿನ ರೂಢಿ. ದಕ್ಷಿಣದ ಬಿಳಿಯರ ಚಿತ್ರಮಂದಿರಗಳು ಬೇಕಾದರೆ ಕತ್ತರಿಸಿ ಹಾಕಲಿ ಎಂದು.

ಜಾಝ್ ಡ್ಯಾನ್ಸ್ ಎಂಬ ಹೆಸರು ಇನ್ನೊಂದು ದಾರಿ ಹಿಡಿದದ್ದೂ ಇದೇ ಕಾಲದಲ್ಲಿ. ಅದರಲ್ಲಿ ನಮ್ಮ ಕಡೆಯ ಒಂದು ಎಳೆಯೂ ಇದೆ. ಜ್ಯಾಕ್ ಕೋಲ್ ಎಂಬ ಬಿಳಿಯ ನರ್ತಕ ಭರತನಾಟ್ಯ ಕಲಿತು, ಅದರ ಅರೆಮಂಡಿ, ಕತ್ತಿನ ಚಲನೆ, ಹಸ್ತಗಳನ್ನು ಸ್ವಿಂಗ್ ಸಂಗೀತಕ್ಕೆ ಕೂರಿಸಿ 1930ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ನೈಟ್‌ಕ್ಲಬ್ಬುಗಳಲ್ಲಿ ಕುಣಿದ. ಹಾರ್ಲೆಮ್‌ನ ಕುಣಿತದಿಂದಲೂ ಎತ್ತಿಕೊಂಡ. ಬ್ರಾಡ್‌ವೇ, ಹಾಲಿವುಡ್‌ಗಳ ಜಾಝ್ ಶೈಲಿ ಬಹುಮಟ್ಟಿಗೆ ಅವನ ಕೈಯಲ್ಲಿ ರೂಪುಗೊಂಡಿತು. ಅವನ ಶಿಷ್ಯ ಮ್ಯಾಟ್ ಮ್ಯಾಟಕ್ಸ್ ಅದನ್ನು ಪಾಠಕ್ರಮವಾಗಿಸಿದ. 1946ರ ಕಾರು ಅಪಘಾತದಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಲುಯಿಜಿ ಎಂಬ ನರ್ತಕ ತನ್ನ ಮೈಯನ್ನು ಮತ್ತೆ ಎಬ್ಬಿಸಲು ಕಟ್ಟಿಕೊಂಡ ವ್ಯಾಯಾಮಗಳಿಂದ ಇನ್ನೊಂದು ಶೈಲಿ ಬೆಳೆಯಿತು. ಟೋಪಿ, ಕೈಗವಸು, ಒಳಕ್ಕೆ ತಿರುಗಿದ ಮಂಡಿಯ ಬಾಬ್ ಫಾಸಿಯದು ಮತ್ತೊಂದು. ಇವತ್ತು ನಗರಗಳ ಡ್ಯಾನ್ಸ್ ಕ್ಲಾಸಿನಲ್ಲಿ ಜಾಝ್ ಎಂದು ಕಲಿಸುವುದು ಹೆಚ್ಚಾಗಿ ಈ ವೇದಿಕೆಯ ಸಾಲಿನದು. ಅದೂ ದೊಡ್ಡ ಕಲೆಯೇ. ಆದರೆ ಹೆಸರು ಆ ಕಡೆ ಹೋದ ಮೇಲೆ ಸವಾಯ್‌ನ ಮಕ್ಕಳಿಗೆ ಹೆಸರೂ ಉಳಿಯಲಿಲ್ಲ.

ಜಾಗವೂ ಉಳಿಯಲಿಲ್ಲ. ಎರಡನೇ ಮಹಾಯುದ್ಧ ಹುಡುಗರನ್ನು ಎಳೆದುಕೊಂಡು ಹೋಯಿತು. 1944ರಲ್ಲಿ ಕುಣಿತಕ್ಕೆ ಎಡೆ ಕೊಡುವ ಜಾಗಗಳ ಮೇಲೆ ಅಮೆರಿಕ ಸರ್ಕಾರ ಮೊದಲು ಶೇ. 30, ಆಮೇಲೆ ಶೇ. 20 ತೆರಿಗೆ ಹಾಕಿತು. ದೊಡ್ಡ ಬ್ಯಾಂಡುಗಳು ಒಡೆದವು. ಕೂತು ಕೇಳಬೇಕಾದ ಬೀಬಾಪ್ ಬಂತು, ಆಮೇಲೆ ರಾಕ್ ಅಂಡ್ ರೋಲ್. ಸವಾಯ್ 1958ರಲ್ಲಿ ಮುಚ್ಚಿತು. ವಸತಿ ಸಮುಚ್ಚಯಕ್ಕಾಗಿ ಕಟ್ಟಡವನ್ನು ಕೆಡವಿದರು. ಯುದ್ಧ ಮುಗಿಸಿ ಬಂದು ಸ್ವಂತ ತಂಡ ಕಟ್ಟಿದ್ದ ಮ್ಯಾನಿಂಗ್ 1955ರ ಹೊತ್ತಿಗೆ ಕುಣಿತದಿಂದ ಹೊಟ್ಟೆ ತುಂಬದೆಂದು ಅಂಚೆ ಇಲಾಖೆಯ ಕೆಲಸಕ್ಕೆ ಸೇರಿದರು. ಮೂವತ್ತು ವರ್ಷ ಅಲ್ಲೇ ಕಳೆಯಿತು.

ಈ ಕತೆಯ ಎರಡನೇ ಆವಿಷ್ಕಾರ ನಡೆದದ್ದು ಆಮೇಲೆ. 1980ರ ದಶಕದ ಮೊದಲಲ್ಲಿ ಸ್ವೀಡನ್ನಿನ ಕೆಲವು ತರುಣರು ಹಳೆಯ ಸಿನಿಮಾ ತುಣುಕುಗಳನ್ನು ಮತ್ತೆ ಮತ್ತೆ ಹಾಕಿ ನೋಡುತ್ತ ಹೆಜ್ಜೆ ಬಿಡಿಸಲು ಒದ್ದಾಡುತ್ತಿದ್ದರು. ಅವರು 1984ರಲ್ಲಿ ನ್ಯೂಯಾರ್ಕಿಗೆ ಹೋಗಿ, ‘ಹೆಲ್ಜಪಾಪಿನ್’ನಲ್ಲಿ ಕುಣಿದಿದ್ದ ಅಲ್ ಮಿನ್ಸ್‌ರನ್ನು ಪತ್ತೆ ಮಾಡಿ ಸ್ಟಾಕ್‌ಹೋಮ್‌ಗೆ ಕರೆಸಿಕೊಂಡರು. ಮರುವರ್ಷವೇ ಮಿನ್ಸ್ ತೀರಿಕೊಂಡರು. 1986ರಲ್ಲಿ ಕ್ಯಾಲಿಫೋರ್ನಿಯಾದ ಎರಿನ್ ಸ್ಟೀವನ್ಸ್ ತನ್ನ ನೃತ್ಯ ಸಂಗಾತಿಯೊಂದಿಗೆ ನ್ಯೂಯಾರ್ಕಿಗೆ ಬಂದಾಗ ಮ್ಯಾನಿಂಗ್ ಎಂಬ ಹೆಸರು ಕಿವಿಗೆ ಬಿತ್ತು. ಟೆಲಿಫೋನ್ ಡೈರೆಕ್ಟರಿ ತೆಗೆದು ಹುಡುಕಿ ಫೋನ್ ಮಾಡಿ, ಕುಣಿಯುವ ಫ್ರಾಂಕಿ ಮ್ಯಾನಿಂಗ್ ನೀವೇನಾ ಎಂದು ಕೇಳಿದರು. ಅಲ್ಲ, ನಾನು ಅಂಚೆ ಇಲಾಖೆಯವನು ಎಂಬ ಉತ್ತರ ಬಂತು. ಹಾಗೆ ಹೇಳಿದ ಮನುಷ್ಯನಿಗೆ ಆಗ ಎಪ್ಪತ್ತು ದಾಟಿತ್ತು. ಬಿಡದೆ ಕೇಳಿದ ಮೇಲೆ ಕಲಿಸಲು ಒಪ್ಪಿದರು.

ಒಪ್ಪಿದ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ನಿಲ್ಲಲಿಲ್ಲ. 1989ರಲ್ಲಿ ಬ್ರಾಡ್‌ವೇಯ ‘ಬ್ಲ್ಯಾಕ್ ಅಂಡ್ ಬ್ಲೂ’ಗೆ ಇತರ ಮೂವರೊಂದಿಗೆ ನೃತ್ಯ ಸಂಯೋಜನೆಯ ಟೋನಿ ಪ್ರಶಸ್ತಿ ಪಡೆದರು. ಸ್ಪೈಕ್ ಲೀಯ ‘ಮಾಲ್ಕಮ್ ಎಕ್ಸ್’ ಸಿನಿಮಾದ ಕುಣಿತಕ್ಕೂ ದುಡಿದರು. ಸ್ವೀಡನ್ನಿನ ಹೆರಾಂಗ್ ಎಂಬ ಹಳ್ಳಿಯ ಬೇಸಿಗೆ ಶಿಬಿರಕ್ಕೆ ದೇಶದೇಶದವರು ಅವರ ಬಳಿ ಕಲಿಯಲು ಬಂದರು. ಹುಟ್ಟುಹಬ್ಬದ ದಿನ ತಮಗೆಷ್ಟು ವಯಸ್ಸೋ ಅಷ್ಟು ಮಂದಿ ಹೆಂಗಸರ ಜೊತೆ ಸಾಲಾಗಿ ಕುಣಿಯುವುದು ಅವರ ಪದ್ಧತಿ. ಎಂಬತ್ತಕ್ಕೆ ಎಂಬತ್ತು, ಎಂಬತ್ತೈದಕ್ಕೆ ಎಂಬತ್ತೈದು. 2009ರ ಏಪ್ರಿಲ್ 27ರಂದು, 95 ತುಂಬಲು ಒಂದು ತಿಂಗಳಿದ್ದಾಗ ತೀರಿಕೊಂಡರು. ಅವರು ಹುಟ್ಟಿದ ಮೇ 26 ಈಗ ವಿಶ್ವ ಲಿಂಡಿ ಹಾಪ್ ದಿನ.

ಫ್ರೀಡಾ ವಾಷಿಂಗ್ಟನ್ ಹೆಸರಿನಲ್ಲಿ ಅಂಥ ದಿನವಿಲ್ಲ. ಇಂಟರ್‌ನೆಟ್ಟಿನಲ್ಲಿ ‘ಹೆಲ್ಜಪಾಪಿನ್’ನ ಆ ಕುಣಿತ ಸುಲಭವಾಗಿ ಸಿಗುತ್ತದೆ, ದಯವಿಟ್ಟು ಒಮ್ಮೆ ನೋಡಿ. ಅದರಲ್ಲಿ ಫ್ರೀಡಾ ಇಲ್ಲ. ಆದರೆ ಅಲ್ಲಿ ಗಾಳಿಗೆ ಏರಿ ತಾಳದ ಮೇಲೆ ಇಳಿಯುವ ಒಬ್ಬೊಬ್ಬ ಹೆಣ್ಣುಮಗಳೂ ಇಳಿಯುವುದು ಫ್ರೀಡಾ ಮೊದಲು ಇಳಿದು ತೋರಿಸಿದ ಹಾಗೆ. ಏರ್ ಸ್ಟೆಪ್ಪನ್ನು ಕಂಡುಹಿಡಿದವರು ಯಾರು ಎಂದು ಯಾರಾದರೂ ಕೇಳಿದರೆ ಎರಡು ಹೆಸರು ಹೇಳಿ.