ಚಳಿಗಾಲದ ಮಸ್ಕಿ ಬೇಟೆಗೆ ಸಕಾಲ ಯಾವುದು?

ಗಾಳ ಹಿಡಿದು ನೀರಿನ ದಂಡೆಯಲ್ಲಿ ನಿಂತವನನ್ನು ಕಂಡರೆ ಕೆಲಸವಿಲ್ಲದವನೆಂದು ನಗುವವರೇ ಹೆಚ್ಚು. ಆದರೆ ಉತ್ತರ ಅಮೆರಿಕದಲ್ಲಿ ಮಸ್ಕಿ ಎಂಬ ಮೀನಿನ ಬೆನ್ನು ಹತ್ತಿದವನನ್ನು ನೋಡಿ ಹಾಗೆ ನಗಲಾಗದು. ಜನವರಿಯ ಕೊರೆಯುವ ಚಳಿಯಲ್ಲಿ, ಬೆರಳುಗಳು ಮರಗಟ್ಟುತ್ತಿದ್ದರೂ, ಅವನು ದಿನವೆಲ್ಲ ಗಾಳವನ್ನು ಬೀಸುತ್ತಾನೆ, ಎಳೆಯುತ್ತಾನೆ. ಬಹುಮಟ್ಟಿಗೆ ಬರಿಗೈಯಲ್ಲೇ ಹಿಂದಿರುಗುತ್ತಾನೆ. ಹತ್ತು ಸಾವಿರ ಬಾರಿ ಬೀಸಿದರೆ ಸಿಕ್ಕುವ ಮೀನು ಎಂದೇ ಅಲ್ಲಿ ಇದಕ್ಕೆ ಹೆಸರು. ಆದ್ದರಿಂದ ಅವನಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಯಾವಾಗ ಹೋಗಬೇಕು ಎಂಬುದು.

ಮಸ್ಕಿಯ ಪೂರ್ಣ ನಾಮ ಮಸ್ಕೆಲಂಜ್. ಪೈಕ್ ಕುಲದ ಮೀನುಗಳಲ್ಲಿ ಇದೇ ಅತಿ ದೊಡ್ಡದು. ವಿಸ್ಕಾನ್ಸಿನ್ ಸಂಸ್ಥಾನವು 1955ರಲ್ಲಿ ಇದನ್ನು ತನ್ನ ರಾಜ್ಯಮೀನೆಂದು ಸಾರಿತು. ಅದೇ ಸಂಸ್ಥಾನದ ಸರೋವರವೊಂದರಲ್ಲಿ 1949ರಲ್ಲಿ ಹಿಡಿದ ಮೀನೊಂದು 67 ಪೌಂಡು 8 ಔನ್ಸು ತೂಗಿತು; ಎಂದರೆ ಸುಮಾರು 30 ಕಿಲೋಗ್ರಾಂ! ಈ ಪ್ರಾಣಿ ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದು ಕಡಮೆ. ಮುಳುಗಿದ ಮರದ ಮರೆಯಲ್ಲೋ ಜೊಂಡಿನ ಅಂಚಿನಲ್ಲೋ ಕದಲದೆ ನಿಂತಿದ್ದು, ಮೀನು ಹತ್ತಿರ ಬಂದೊಡನೆ ಮಿಂಚಿನಂತೆ ಎರಗುತ್ತದೆ.

ಇನ್ನು ಚಳಿಯ ವಿಚಾರ. ಮೀನು ಶೀತರಕ್ತದ ಜೀವಿ. ನಮ್ಮಂತೆ ಅದು ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲಾರದು. ನೀರಿನ ಉಷ್ಣಮಾನವೇ ಅದರ ಮೈಯ ಉಷ್ಣಮಾನ. ನೀರು ತಣ್ಣಗಾದಂತೆಲ್ಲ ಅದರ ಜೀರ್ಣಶಕ್ತಿ ಕುಗ್ಗುತ್ತದೆ, ಚಲನೆ ಮಂದವಾಗುತ್ತದೆ. ಬೇಸಗೆಯಲ್ಲಿ ಬೇಗ ಅರಗುವ ಊಟ ಚಳಿಗಾಲದಲ್ಲಿ ಹಲವು ದಿನ ಹೊಟ್ಟೆಯಲ್ಲಿ ಉಳಿಯುತ್ತದೆ. ಹಸಿವಿನ ವೇಳೆಗಳೇ ವಿರಳವಾದಾಗ ಆ ವೇಳೆಯನ್ನು ಗುರುತಿಸುವುದರಲ್ಲಿಯೇ ಬೇಟೆಗಾರನ ಜಾಣ್ಮೆಯೆಲ್ಲ ಇದೆ.

ಉತ್ತರದ ಸರೋವರಗಳು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತವೆ. ಹೊಸ ವರ್ಷ ಹುಟ್ಟಿದ ಮೇಲೆ ವಸಂತದವರೆಗೆ ವಿಸ್ಕಾನ್ಸಿನ್ನಿನ ಒಳನಾಡಿನ ಸರೋವರಗಳಲ್ಲಿ ಮಸ್ಕಿ ಹಿಡಿಯುವುದಕ್ಕೆ ಕಾನೂನಿನ ತಡೆಯೂ ಉಂಟು. ಆದುದರಿಂದ ನಡು ಚಳಿಗಾಲದ ಬೇಟೆ ಹೆಚ್ಚಾಗಿ ನಡೆಯುವುದು ದಕ್ಷಿಣಕ್ಕೆ, ಕೆಂಟಕಿ, ಟೆನೆಸ್ಸೀ, ವರ್ಜೀನಿಯಾ ಸೀಮೆಗಳಲ್ಲಿ. ಕೆಂಟಕಿಯ ಕೇವ್ ರನ್ ಜಲಾಶಯ, ವರ್ಜೀನಿಯಾದ ಜೇಮ್ಸ್ ಮತ್ತು ನ್ಯೂ ನದಿಗಳು ಇದಕ್ಕೆ ಹೆಸರಾಗಿವೆ.

ಇಲ್ಲಿಯ ಅನುಭವಿಗಳ ಮೊದಲನೆಯ ಸೂತ್ರವಿದು: ನೀರಿನ ಉಷ್ಣಮಾನ ಎಷ್ಟಿದೆ ಎಂಬುದಕ್ಕಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ನೋಡು. ಐದು ಡಿಗ್ರಿಯಿಂದ ಏಳಕ್ಕೆ ಏರುತ್ತಿರುವ ನೀರು, ಹತ್ತರಿಂದ ಏಳಕ್ಕೆ ಇಳಿಯುತ್ತಿರುವ ನೀರಿಗಿಂತ ಲೇಸು. ಎರಡು ಮೂರು ದಿನ ಬಿಸಿಲು ಕಾಯ್ದ ಮೇಲೆ, ಮಧ್ಯಾಹ್ನ ಇಳಿಯುವ ಹೊತ್ತಿಗೆ, ದಕ್ಷಿಣಕ್ಕೆ ಮುಖಮಾಡಿ ಬಿಸಿಲು ಹೀರುವ ದಂಡೆಯ ತೆಳುನೀರು ತುಸು ಬೆಚ್ಚಗಾಗುತ್ತದೆ. ಶ್ಯಾಡ್ ಎಂಬ ಸಣ್ಣ ಮೀನುಗಳು ಚಳಿ ತಾಳಲಾರದೆ ಅಲ್ಲಿಗೆ ಬರುತ್ತವೆ. ಅವುಗಳ ಬೆನ್ನಿಗೆ ಮಸ್ಕಿ ಬರುತ್ತದೆ. ಬೆಚ್ಚನೆಯ ಮಳೆ ಸುರಿದು ತೊರೆಯ ನೀರು ಜಲಾಶಯವನ್ನು ಸೇರುವ ತಾಣವೂ ಹಾಗೆಯೇ. ಆದರೆ ಇಲ್ಲೊಂದು ಮೋಸವಿದೆ. ಮೇಲಿನ ಬೆಟ್ಟಗಳಲ್ಲಿ ಹಿಮವಿದ್ದರೆ ಬಿಸಿಲಿನ ದಿನವೇ ಹಿಮ ಕರಗಿ, ಹೊಳೆಯ ನೀರು ಮೊದಲಿಗಿಂತ ತಣ್ಣಗಾಗಬಹುದು! ಹೊರಗಿನ ಹವೆಯನ್ನು ನಂಬಿ ಹೊರಟವನು ಮೋಸಹೋಗುತ್ತಾನೆ. ನೀರಿಗೆ ಉಷ್ಣಮಾಪಕ ಇಳಿಬಿಟ್ಟವನು ಹೋಗುವುದಿಲ್ಲ.

ಈ ಸೂತ್ರಕ್ಕೆ ಟೆನೆಸ್ಸೀಯ ಮೆಲ್ಟನ್ ಹಿಲ್ ಜಲಾಶಯ ಒಳ್ಳೆಯ ನಿದರ್ಶನ. ಅದರ ದಡದಲ್ಲಿದ್ದ ಬುಲ್ ರನ್ ವಿದ್ಯುದಾಗಾರವು ಯಂತ್ರಗಳನ್ನು ತಣಿಸಿದ ಬಿಸಿನೀರನ್ನು ಜಲಾಶಯಕ್ಕೆ ಬಿಡುತ್ತಿತ್ತು. ಚಳಿಗಾಲದಲ್ಲಿ ಶ್ಯಾಡ್ ಅಲ್ಲಿ ನೆರೆಯುತ್ತಿತ್ತು, ಮಸ್ಕಿಯೂ ನೆರೆಯುತ್ತಿತ್ತು, ಬೇಟೆಗಾರರೂ ನೆರೆಯುತ್ತಿದ್ದರು. 2023ರ ಕೊನೆಯಲ್ಲಿ ಆ ವಿದ್ಯುದಾಗಾರ ಮುಚ್ಚಿತು. ಅದರ ಬಿಸಿನೀರನ್ನು ನೆಚ್ಚಿದ್ದವರು ಈಗ ಮತ್ತೆ ಬಿಸಿಲನ್ನೂ ಮಳೆಯನ್ನೂ ಓದುವುದನ್ನು ಕಲಿಯಬೇಕಾಗಿದೆ.

ಚಂದ್ರನ ಮಾತೇನು ಎಂದು ವಾಚಕರು ಕೇಳಬಹುದು. ಹುಣ್ಣಿಮೆ ಅಮಾವಾಸ್ಯೆಗಳನ್ನು ಲೆಕ್ಕ ಹಾಕುವ ಮಸ್ಕಿ ಬೇಟೆಗಾರರು ಬಹಳ. 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಮೂರು ಲಕ್ಷಕ್ಕೂ ಮೇಲ್ಪಟ್ಟ ಮಸ್ಕಿಗಳ ದಾಖಲೆಗಳನ್ನು ಪರಿಶೀಲಿಸಿತು. ಚಂದ್ರನ ಪ್ರಭಾವ ಇಲ್ಲದಿಲ್ಲ. ಆದರೆ ಅದು ನೂರಕ್ಕೆ ಐದರಷ್ಟು ಮಾತ್ರ ಎಂದು ತೇಲಿತು. ನಂಬಿಕೆ ಪೂರ್ಣ ಸುಳ್ಳಲ್ಲ, ಆದರೆ ನಂಬಿದಷ್ಟು ದೊಡ್ಡದೂ ಅಲ್ಲ.

ಕೊನೆಗೆ ಹೇಳಬೇಕಾದ ಮಾತೊಂದಿದೆ. ಚಳಿಗಾಲ ಮುಗಿಯುತ್ತ ಬಂದಂತೆ ದೊಡ್ಡ ಹೆಣ್ಣು ಮಸ್ಕಿಗಳು ಮೊಟ್ಟೆ ತುಂಬಿಕೊಂಡು ತೊರೆಗಳ ಕಡೆಗೆ ಸರಿಯುತ್ತವೆ. ನೀರು ಹತ್ತು ಡಿಗ್ರಿ ದಾಟಿದ ಮೇಲೆ ಅವು ಮೊಟ್ಟೆಯಿಡುತ್ತವೆ. ಅತಿ ದೊಡ್ಡ ಮೀನು ಸಿಕ್ಕುವ ಕಾಲವೂ ಅದೇ, ಕುಲ ಬೆಳೆಯುವ ಕಾಲವೂ ಅದೇ! ಆದ್ದರಿಂದ ವಿವೇಕಿಯಾದವನು ಹಿಡಿದ ಮೀನನ್ನು ಬಲೆಯೊಳಗೆ ನೀರಿನಲ್ಲಿಯೇ ಇರಿಸಿ, ಕೊಕ್ಕೆ ಬಿಡಿಸಿ, ಬಿಟ್ಟುಬಿಡುತ್ತಾನೆ. ಹೆಪ್ಪುಗಟ್ಟಿಸುವ ಗಾಳಿಯಲ್ಲಿ ಅದನ್ನು ಎತ್ತಿ ಹಿಡಿದರೆ ಕಣ್ಣೂ ಕಿವಿರೂ ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟಬಹುದು. ಅಂಥ ದಿನ ಮನೆಯಲ್ಲಿರುವುದೇ ಲೇಸು. ಅದು ಮೀನಿಗಷ್ಟೇ ಅಲ್ಲ, ಅವನಿಗೂ ಹಿತ. ಆ ನೀರಿಗೆ ದೋಣಿಯಿಂದ ಬಿದ್ದವನ ಕೈಕಾಲು ಕೆಲವೇ ನಿಮಿಷಗಳಲ್ಲಿ ಸೋಲುತ್ತವೆ.

ಯಾವಾಗ ಹೋಗಬೇಕೆಂದು ಬಲ್ಲವನು ಅರ್ಧ ಬೇಟೆಗಾರ. ಯಾವಾಗ ಹೋಗಬಾರದೆಂಬುದನ್ನೂ ಬಲ್ಲವನೇ ಪೂರ್ಣ ಬೇಟೆಗಾರ.