ಕುಮಟಗಿಯ ಗೋಡೆಯ ಮೇಲೆ ನನ್ನ ಹೆಸರು

ಕಳೆದ ದಸರಾ ರಜೆಗೆ ಇಂಡಿಯಿಂದ ಮಗಳ ಮಕ್ಕಳು, ಮುದ್ದೇಬಿಹಾಳದಿಂದ ಮಗನ ಮಕ್ಕಳು ನಮ್ಮ ಸಿಂದಗಿ ಮನೆಗೆ ಬಂದಿದ್ದರು. ಎರಡು ದಿನ ಮೊಬೈಲ್ ನೋಡಿದ್ದಾಯಿತು. ಮೂರನೆಯ ದಿನ ನನ್ನ ಮನೆಯವರು ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ ಕಟ್ಟಿದರು. ಎಲ್ಲರೂ ಜೀಪಿನಲ್ಲಿ ಕುಮಟಗಿಗೆ ಹೊರಟೆವು.

ಗೋಲಗುಮ್ಮಟವನ್ನು ನಮ್ಮ ಕಡೆಯ ಮಕ್ಕಳೆಲ್ಲ ನೋಡಿರುತ್ತಾರೆ. ಕುಮಟಗಿ ನೋಡಿದವರು ಕಡಿಮೆ. ವಿಜಯಪುರದಿಂದ ಪೂರ್ವಕ್ಕೆ, ಸಿಂದಗಿ ರಸ್ತೆಯಲ್ಲಿ ಸುಮಾರು 20 ಕಿ.ಮೀ. ದೂರದಲ್ಲಿದೆ. ಆದಿಲ್‌ಶಾಹಿ ಅರಸರು ಬೇಸಿಗೆ ಕಳೆಯಲು ಕಟ್ಟಿಸಿದ ಜಲಮಹಲು ಇದು. ಕೆರೆಯ ಪಕ್ಕದಲ್ಲಿ ಮಂಟಪಗಳು, ಹೊಂಡದ ನಡುವೆ ಒಂದು ಮಂಟಪ, ಕಾರಂಜಿಗಳು, ನೀರಿನ ಗೋಪುರಗಳು.

"ಮುತ್ಯಾ, ಆಗ ಕರೆಂಟ್ ಇರಲಿಲ್ಲ. ಕಾರಂಜಿ ಹೆಂಗ ಹಾರತಿತ್ತು?" ಎಂದ ಸಣ್ಣವ.

"ನಿಮ್ಮೂರ ನೀರಿನ ಟಾಕಿ ಯಾಕ ಅಷ್ಟು ಎತ್ತರದಾಗ ಐತಿ ಹೇಳು?"

ಸ್ವಲ್ಪ ಯೋಚಿಸಿ ತಾನೇ ಹೇಳಿದ: "ನೀರು ಜೋರ್ ಬರಲಿ ಅಂತ!"

ಅದೇ ಗುಟ್ಟು. ಎತ್ತರದಲ್ಲಿ ತುಂಬಿದ ನೀರು ಕೊಳವೆಯಲ್ಲಿ ಇಳಿದು ಬರುವಾಗ ಒತ್ತಡ ಹುಟ್ಟುತ್ತದೆ. ಕಾರಂಜಿಯ ಬಾಯಲ್ಲಿ ಅದೇ ನೀರು ಮೇಲಕ್ಕೆ ಚಿಮ್ಮುತ್ತದೆ. ಸ್ಪೇನ್ ದೇಶದ ಗ್ರಾನಡಾದಲ್ಲಿ ಅಲ್ಹಂಬ್ರಾ ಎಂಬ ಅರಮನೆ ಇದೆ. ಅಲ್ಲಿಯೂ ನೀರಿನ ಕಾಲುವೆ, ಕಾರಂಜಿ, ತೋಟಗಳೇ ಸೊಗಸು. 12 ಅಮೃತಶಿಲೆಯ ಸಿಂಹಗಳು ಒಂದು ಕಾರಂಜಿಯನ್ನು ಹೊತ್ತು ನಿಂತಿವೆ. ಬಿಸಿಲು ಸುಡುವ ನಾಡಿನ ಅರಸರಿಗೆ ಬಂಗಾರಕ್ಕಿಂತ ನೀರಿನ ತಂಪೇ ದೊಡ್ಡ ವೈಭವ ಎಂಬುದು ನಮ್ಮ ಜಿಲ್ಲೆಯವರಿಗೆ ಬೇರೆ ಹೇಳಬೇಕಿಲ್ಲ.

ಮಂಟಪದ ಒಳಗೆ ಹೋದೆವು. ಗೋಡೆಯ ಮೇಲೆ ಬಣ್ಣದ ಚಿತ್ರಗಳಿವೆ. ಕುದುರೆ ಏರಿ ಪೋಲೋ ಆಡುವವರು, ಕುಸ್ತಿ ಹಿಡಿದವರು. ಚಿತ್ರಗಳು ಬಹಳ ಮಾಸಿವೆ. ಮಾಸಿದ್ದಕ್ಕಿಂತ ಕೆಟ್ಟದ್ದು, ಅವುಗಳ ಮೇಲೆ ಕೆತ್ತಿದ ಹೆಸರುಗಳು. ಅವನ್ನು ಓದುತ್ತ ಓದುತ್ತ ದೊಡ್ಡ ಮೊಮ್ಮಗ ಕಿಸೆಯಿಂದ ಪೆನ್ನು ತೆಗೆದ.

ನಾನು ಅವನ ಕೈ ಹಿಡಿದೆ. ಬೈಯಲು ಬಾಯಿ ಬರಲಿಲ್ಲ. ಯಾಕೆಂದರೆ ಏಳನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಪ್ರವಾಸಕ್ಕೆಂದು ಇಲ್ಲಿಗೆ ಬಂದು, ಕೈವಾರದ ಮೊನೆಯಿಂದ ನನ್ನ ಹೆಸರು ಕೆತ್ತಿದವನು ನಾನೇ. ಅರವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಅಂದು ಮಕ್ಕಳ ಮುಂದೆ ಹೇಳಿದೆ.

ಯಾರೂ ನಗಲಿಲ್ಲ. "ಎಲ್ಲೈತಿ ತೋರಸು ಮುತ್ಯಾ" ಎಂದಳು ಮೊಮ್ಮಗಳು.

ಹುಡುಕಿದೆ. ನಾನು ಕೆತ್ತಿದ್ದೆನೆಂದು ನೆನಪಿದ್ದ ಜಾಗದಲ್ಲಿ ಗಾರೆಯೇ ಉದುರಿಹೋಗಿತ್ತು. ನನ್ನ ಹೆಸರೂ ಇಲ್ಲ, ಅದರ ಕೆಳಗಿದ್ದ ಬಣ್ಣವೂ ಇಲ್ಲ. ಬ್ಯಾಂಕಿನಲ್ಲಿ ಒಂದು ಅಂಕಿ ತಪ್ಪಿದರೆ ಗೆರೆ ಎಳೆದು, ತಿದ್ದಿ, ಸಹಿ ಮಾಡುತ್ತಿದ್ದೆವು. ಇಲ್ಲಿ ತಿದ್ದಲು ದಾರಿ ಇರಲಿಲ್ಲ.

ಮೊಮ್ಮಗ ಪೆನ್ನನ್ನು ಕಿಸೆಗೆ ಹಾಕಲಿಲ್ಲ. ತಂಗಿಯ ನೋಟ್‌ಬುಕ್ ಇಸಿದುಕೊಂಡು ಕುದುರೆ ಸವಾರನ ಚಿತ್ರ ಬಿಡಿಸಿದ. ಕುದುರೆ ಸ್ವಲ್ಪ ಕತ್ತೆಯಂತೆ ಬಂತು. ಉಳಿದವರೂ ಬಿಡಿಸಿದರು. ಕೆಳಗೆ ತಮ್ಮ ತಮ್ಮ ಹೆಸರು ದಪ್ಪಗೆ ಬರೆದರು. ಆಮೇಲೆ ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು.

ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರು ವಿಜಯಪುರಕ್ಕೆ ಬಂದು ಸಿಂದಗಿ ರಸ್ತೆ ಹಿಡಿದರೆ ಕುಮಟಗಿ ದೂರವಿಲ್ಲ. ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ. ಮಕ್ಕಳೇ, ನೋಟ್‌ಬುಕ್ ಮರೆಯಬೇಡಿ.